ಸವೆದ ಬಾರ್ಬರ್ ಕ್ವಾರ್ಟರ್‌ಗಳ ಹಿಂದೆ ಬಿದ್ದ ನನ್ನ ಅನುಭವ

"ದೊಡ್ಡ ಬೆಳ್ಳಿ ನಾಣ್ಯ ಮಾರ್ಗನ್ ಡಾಲರ್ ಬಿಟ್ಟು ಈ ಸವೆದ ಚಿಲ್ಲರೆಗೆ ಯಾಕಪ್ಪಾ ದುಡ್ಡು ಸುರೀತೀಯ?" ಅಂತ ಇಲ್ಲಿ ಓಹಾಯೋದಲ್ಲಿ ಗೆಳೆಯರು ಕೇಳದ ದಿನವಿರಲಿಲ್ಲ. ಈಗ 1892ರಿಂದ 1916ರವರೆಗಿನ ಬಾರ್ಬರ್ ಕ್ವಾರ್ಟರ್‌ಗಳಲ್ಲಿ (ಚಾರ್ಲ್ಸ್ ಬಾರ್ಬರ್ ವಿನ್ಯಾಸದ, ಅಮೆರಿಕದ 25 ಸೆಂಟಿನ ಬೆಳ್ಳಿ ನಾಣ್ಯ) ಅರವತ್ತರ ಹತ್ತಿರ ನನ್ನ ಆಲ್ಬಮ್ಮಿನಲ್ಲಿವೆ. ಸ್ಲ್ಯಾಬ್‌ನಲ್ಲಿ, ಅಂದರೆ ಪರೀಕ್ಷಕ ಸಂಸ್ಥೆ ಅಸಲಿ ಅಂತ ಮುಚ್ಚಿಕೊಡುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, ಕೊಂಡದ್ದು ಒಂದೂ ಇಲ್ಲ.

ಆಲ್ಬಮ್ಮಿನವೆಲ್ಲ ಸಿಕ್ಕಿದ್ದು ಅಂಗಡಿಗಳ ಜಂಕ್ ಸಿಲ್ವರ್ ಡಬ್ಬದಲ್ಲಿ, ಅಂದರೆ ಬರೀ ಬೆಳ್ಳಿಯ ಬೆಲೆಗೆ ಮಾರುವ ಹಳೇ ನಾಣ್ಯಗಳ ರಾಶಿಯಲ್ಲಿ. ಬೆಳ್ಳಿ ಔನ್ಸ್‌ಗೆ 25 ಡಾಲರ್ ಆಸುಪಾಸಿದ್ದಾಗ ಒಂದಕ್ಕೆ ಐದು ಡಾಲರ್ ಕೊಟ್ಟಿದ್ದೇನೆ. ಬರೀ ಬೆಳ್ಳಿಗೆ ಕೊಳ್ಳುವವರು ಬಾರ್ಬರ್ ಕಂಡರೆ ಮೂಗು ಮುರೀತಾರೆ. ಹೊಸದಾಗಿದ್ದಾಗ 6.25 ಗ್ರಾಂ ಇದ್ದದ್ದು, ಸವೆದು 5.8ಕ್ಕೆ ಇಳಿದಿರುತ್ತದೆ. ಅವರು ಬೇಡ ಅಂದದ್ದೇ ನನಗೆ ಲಾಭ.

ನಾಣ್ಯದ ಮೇಲಿನ ಮುಖದ ತಲೆಪಟ್ಟಿಯಲ್ಲಿರುವ LIBERTY ಪದದ ಏಳೂ ಅಕ್ಷರ ಓದಲು ಬಂದರೆ ಫೈನ್, ಮೂರು ಉಳಿದಿದ್ದರೆ ವೆರಿ ಗುಡ್. ಎಷ್ಟು ಸವೆದಿದೆ ಅನ್ನೋದಕ್ಕೆ ಸಂಗ್ರಾಹಕರು ಇಟ್ಟ ದರ್ಜೆಗಳಿವು, ಇನ್ನೂ ಸವೆದದ್ದು ಗುಡ್. ಆದರೆ ಜನ ಬರೀ ಎಷ್ಟು ಟಂಕಿಸಿದರು ಅಂತ ನೋಡ್ತಾರೆ. ಬಾರ್ಬರ್‌ಗಳು ದಶಕಗಟ್ಟಲೆ ಜೇಬಿಂದ ಜೇಬಿಗೆ ಓಡಾಡಿದವು, ಉಳಿದವುಗಳಲ್ಲಿ ಜಾಸ್ತಿ ಪಾಲು ನುಣ್ಣಗಾಗಿವೆ. ಹಾಗಾಗಿ ಗುಡ್‌ನಲ್ಲಿ ಸಾಧಾರಣ ಎನಿಸುವ ವರ್ಷವೂ ಫೈನ್‌ನಲ್ಲಿ ಸಿಗುವುದು ಕಷ್ಟ. ಒಮ್ಮೆ ಕಪ್ಪಗಾದ ಒಂದನ್ನು ತಿರುಗಿಸಿದೆ. ಹದ್ದಿನ ಬಾಲದ ಕೆಳಗೆ ಟಂಕಸಾಲೆಯ ಗುರುತು ಓ (O), ಮುಂಬದಿಯಲ್ಲಿ 1909. ನ್ಯೂ ಆರ್ಲಿಯನ್ಸ್ ಟಂಕಸಾಲೆಯ ಕೊನೆಯ ವರ್ಷ, ಟಂಕಿಸಿದ್ದು ಸುಮಾರು ಏಳು ಲಕ್ಷ ಮಾತ್ರ! ದೀಪವನ್ನು ಒಂದು ಓರೆಯಲ್ಲಿ ಹಿಡಿದಾಗ ಏಳೂ ಅಕ್ಷರ ಎದ್ದು ಬಂದವು. ಆ ಓರೆ ಎಷ್ಟು, ಯಾವ ದೀಪ ಅನ್ನೋದು ನನ್ನಲ್ಲೇ ಇರಲಿ. ಆರು ಡಾಲರ್ ಕೊಟ್ಟೆ, ಅದೇ ವಾರ ಒಬ್ಬರು ನೂರರ ಮೇಲೆ ಕೊಡ್ತೀನಿ ಅಂದರು. ನಾನು ಮಾರಲಿಲ್ಲ.

ಆನ್‌ಲೈನ್ ಫೋಟೋ ನಂಬಿ ಕೊಂಡವುಗಳಲ್ಲಿ ನಾನೂರು ಡಾಲರ್ ಹೋಯಿತು. ಫೋಟೋದಲ್ಲಿ ಫಳಫಳ, ಕೈಗೆ ಬಂದಾಗ ಭೂತಗನ್ನಡಿಯಡಿ ಉಜ್ಜಿದ ಸಣ್ಣ ಗೀರುಗಳು. ಸುಮ್ನೆ ನೋಡೋಣ ಅಂತ ಎರಡು ಕಪ್ಪು ನಾಣ್ಯ ಡಿಪ್‌ಗೂ (ಕಪ್ಪು ತೆಗೆಯುವ ರಾಸಾಯನಿಕ ದ್ರವಕ್ಕೂ) ಹಾಕಿದ್ದೆ. ಬಣ್ಣ ಹೋಯಿತು, ಜೊತೆಗೆ ಜೀವವೂ. ನಾಣ್ಯ ಇಡುವ ಪ್ಲಾಸ್ಟಿಕ್ ಚೀಲದಿಂದ (ಫ್ಲಿಪ್) ಅಂಟಿದ ಹಸಿರು ಜಿಡ್ಡಿಗೆ ಅಸಿಟೋನ್ ಮಾತ್ರ ಸರಿಯಾಗಿ ಕೆಲಸ ಮಾಡಿತು.

ನಕಲಿ ಪತ್ತೆಗೆ ನಿಯೋಡಿಮಿಯಂ ಆಯಸ್ಕಾಂತ ಇಟ್ಟುಕೊಂಡಿದ್ದೇನೆ. ಓರೆ ಹಿಡಿದ ಬೆಳ್ಳಿಯ ಮೇಲೆ ಅದು ನಿಧಾನವಾಗಿ ಜಾರುತ್ತೆ. ಆದರೆ ಅಸಲಿ 1901ರ ನಾಣ್ಯಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆಯ ಗುರುತು ಎಸ್ (S) ಅಂಟಿಸಿದ್ದರೆ ಆಯಸ್ಕಾಂತ ಏನೂ ಹೇಳಲ್ಲ. ಆ 1901-ಎಸ್ ಟಂಕಿಸಿದ್ದೇ 72,664. ಅದೊಂದಕ್ಕೆ ಮಾತ್ರ ಸ್ಲ್ಯಾಬ್ ಬೇಕು, ನಾನೂ ಒಪ್ತೀನಿ.