ಎಕ್ಸ್‌ಎಂಎಲ್ ದತ್ತಾಂಶವನ್ನು ಓದಲು ಬರುವಂತೆ ಮಾಡಿಕೊಂಡು ದೋಷ ಹುಡುಕುವ ಬಗೆ

ಸರ್ವರ್‌ನಿಂದ ಬರುವ ಎಕ್ಸ್‌ಎಂಎಲ್ (ಮಾಹಿತಿಯನ್ನು ಟ್ಯಾಗ್‌ಗಳೆಂಬ ಗುರುತುಗಳ ನಡುವೆ ಇಟ್ಟು ಬರೆಯುವ ರೂಪ) ಉತ್ತರವು ಬಹಳಷ್ಟು ಸಲ ಒಂದೇ ಉದ್ದನೆಯ ಸಾಲಿನಲ್ಲಿರುವುದರಿಂದ, ಅದನ್ನು ಹಾಗೆಯೇ ಲಾಗ್‌ನಲ್ಲಿ ಓದುತ್ತಾ ತಪ್ಪು ಹುಡುಕಲು ಹೊರಟರೆ ಸಮಯ ವ್ಯರ್ಥವಾಗುತ್ತದೆ. ಮೊದಲು ಬಂದ ದತ್ತಾಂಶವನ್ನು ಕಿಂಚಿತ್ತೂ ಬದಲಿಸದೆ ಒಂದು ಫೈಲ್‌ನಲ್ಲಿ ಉಳಿಸಿಕೊಂಡು, ಅದರ ಪ್ರತಿಯನ್ನು ಮಾತ್ರ ಎಕ್ಸ್‌ಎಂಎಲ್ ಪರಿಶೀಲಿಸುವ ಸಾಧನವಾದ ಎಕ್ಸ್‌ಎಂಎಲ್‌ಲಿಂಟ್‌ಗೆ ಫಾರ್ಮ್ಯಾಟ್ ಆಯ್ಕೆಯೊಂದಿಗೆ ಕೊಡಿ. ಟ್ಯಾಗ್‌ಗಳು ತಮ್ಮ ಮಟ್ಟಕ್ಕೆ ತಕ್ಕ ಅಂತರದಲ್ಲಿ ಬೇರೆ ಬೇರೆ ಸಾಲಿಗೆ ಬರುತ್ತವೆ. ಎಲ್ಲಾದರೂ ಟ್ಯಾಗ್ ಮುಚ್ಚದೆ ಉಳಿದಿದ್ದರೆ, ಓದು ತಡೆದ ಜಾಗದ ತುಣುಕನ್ನು ಎಕ್ಸ್‌ಎಂಎಲ್‌ಲಿಂಟ್ ತೋರಿಸುತ್ತದೆ. ಪೈಥಾನ್ ಬಳಸುವವರಿಗೆ 3.9ನೇ ಆವೃತ್ತಿಯಿಂದ ಎಕ್ಸ್‌ಎಂಎಲ್ ಓದುವ ಎಲಿಮೆಂಟ್‌ಟ್ರೀ ಮಾಡ್ಯೂಲ್‌ನಲ್ಲಿಯೇ ಹೀಗೆ ಸಾಲು ಜೋಡಿಸುವ ಇಂಡೆಂಟ್ ಫಂಕ್ಷನ್ ಇದೆ.

ಮೂಲವನ್ನು ಉಳಿಸಿಕೊಳ್ಳಿ ಎಂದು ಒತ್ತಿ ಹೇಳಲು ಕಾರಣವಿದೆ. ಅಂದಗೊಳಿಸುವಾಗ ಸೇರುವ ಖಾಲಿ ಜಾಗವೂ ಎಕ್ಸ್‌ಎಂಎಲ್‌ನ ದೃಷ್ಟಿಯಲ್ಲಿ ಪಠ್ಯವೇ ಆದ್ದರಿಂದ, ಡಿಜಿಟಲ್ ಸಹಿಯುಳ್ಳ ದಾಖಲೆಯನ್ನು ಹೀಗೆ ಮಾರ್ಪಡಿಸಿ ಮುಂದಕ್ಕೆ ಕಳುಹಿಸಿದರೆ ಸಹಿಯ ಪರಿಶೀಲನೆ ವಿಫಲವಾಗಬಹುದು.

ಮೌಲ್ಯಗಳನ್ನು ಪ್ರಿಂಟ್ ಮಾಡುವಾಗ ಎರಡೂ ಬದಿಗೆ ಚೌಕಾವರಣ ಹಾಕುವುದು, ನನ್ನ ಅಭಿಪ್ರಾಯದಲ್ಲಿ, ಎಲ್ಲಕ್ಕಿಂತ ಉಪಯುಕ್ತವಾದ ರೂಢಿ. ಪರದೆಯ ಮೇಲೆ [450 ] ಎಂದು ಕಂಡೊಡನೆ, ಕೊನೆಯ ಆ ಒಂದು ಖಾಲಿ ಜಾಗದಿಂದಲೇ ಹೋಲಿಕೆ ತಪ್ಪುತ್ತಿತ್ತೆಂದು ತಿಳಿಯುತ್ತದೆ. ಇನ್ನು, ಟ್ಯಾಗ್ ಕಣ್ಣೆದುರಿಗಿದ್ದೂ ಹುಡುಕಾಟಕ್ಕೆ ಸಿಗದಿದ್ದರೆ, ಹೊರಗಿನ ಟ್ಯಾಗ್‌ನಲ್ಲಿ ಡೀಫಾಲ್ಟ್ ನೇಮ್‌ಸ್ಪೇಸ್ (ಒಳಗಿನ ಟ್ಯಾಗ್ ಹೆಸರುಗಳು ತಾವಾಗಿಯೇ ಸೇರುವ ಗುಂಪು) ಘೋಷಣೆಯಾಗಿದೆಯೇ ಎಂದು ನೋಡಿ. ಹಾಗಿದ್ದಲ್ಲಿ ಆ ನೇಮ್‌ಸ್ಪೇಸ್‌ಗೆ ಒಂದು ಪ್ರಿಫಿಕ್ಸ್ (ಹೆಸರಿನ ಮೊದಲಿಗೆ ಸೇರಿಸುವ ಚಿಕ್ಕ ಗುರುತು) ನಿಗದಿಪಡಿಸಿ, ಅದನ್ನು ಟ್ಯಾಗ್ ಹುಡುಕುವ ಭಾಷೆಯಾದ ಎಕ್ಸ್‌ಪಾತ್‌ನಲ್ಲಿ ಬಳಸಿ ಹುಡುಕಬೇಕು.