ಮಣ್ಣು ಹಲಗೆ ಬಿಡದಂತೆ

ಮಣ್ಣಿನಲ್ಲಿ ನಾನು ಬರೆದ ಮೊದಲ ಚಿತ್ರ ಒಂದು ಹಸು. ಒಣಗಿದ ಮೇಲೆ ಹಲಗೆಯನ್ನು ಎತ್ತಿ ನಿಲ್ಲಿಸಿದೆ, ಅರ್ಧ ಹಸು ಪುಡಿಯಾಗಿ ನೆಲಕ್ಕೆ ಉದುರಿತು. ಕೆಮ್ಮಣ್ಣಿಗೆ ನೀರು ಕಲಸಿ ಬಳಿದರೆ ಆಯ್ತು ಅಂದುಕೊಂಡಿದ್ದೆ. ನೀರು ಆರಿದ ಮೇಲೆ ಮಣ್ಣನ್ನು ಹಿಡಿದಿಡಲು ಏನಾದರೂ ಬೇಕಲ್ವಾ? ಅದು ಹೊಳೆದಿರಲೇ ಇಲ್ಲ.

ಆಮೇಲೆ ಜಿಮ್ಮಿ ಲೀ ಸಡತ್ ಬಗ್ಗೆ ಓದಿದೆ. 1910ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಹುಟ್ಟಿ 2007ರವರೆಗೆ ಬದುಕಿದ್ದವರು. ಚಿತ್ರ ಬರೆಯುವುದನ್ನು ತಾವೇ ಕಲಿತವರು. ಮಣ್ಣಿಗೆ ಸಕ್ಕರೆ ನೀರು ಬೆರೆಸಿ, ಪ್ಲೈವುಡ್ ಮೇಲೆ ಬೆರಳಲ್ಲೇ ಬರೆಯುತ್ತಿದ್ದರು. ಹಸಿರು ಬೇಕಾದರೆ ಎಲೆಯನ್ನೇ ಹಲಗೆಗೆ ಉಜ್ಜುತ್ತಿದ್ದರು.

ನಾನೂ ಸಕ್ಕರೆ ಹಾಕಿದೆ. ಮಣ್ಣು ಗಟ್ಟಿಯಾಗಿ ಕೂತಿತು, ಎಷ್ಟು ಖುಷಿಯಾಯಿತು! ಆದರೆ ಮೂರನೇ ದಿನ ಇರುವೆ ಸಾಲು ಬಂತು. ಗಾಳಿಯಲ್ಲಿ ತೇವ ಜಾಸ್ತಿಯಾದಾಗ ಚಿತ್ರ ಕೈಗೆ ಅಂಟತೊಡಗಿತು. ಹಾಗಾಗಿ ಈಗ ಮರದ ಗೋಂದು ಬಳಸುತ್ತೇನೆ. ಒಂದು ಪಾಲು ಗೋಂದಿಗೆ ಎರಡು ಪಾಲು ಬಿಸಿ ನೀರು. ರಾತ್ರಿ ನೆನೆಹಾಕಿ ಬೆಳಿಗ್ಗೆ ಬಟ್ಟೆಯಲ್ಲಿ ಸೋಸುತ್ತೇನೆ. ಎಷ್ಟು ಬೆರೆಸಬೇಕು ಅನ್ನುವುದನ್ನು ಬೆರಳೇ ಹೇಳುತ್ತದೆ. ಒಣಗಿದ ಬಣ್ಣವನ್ನು ಸವರಿದಾಗ ಪುಡಿ ಬಂದರೆ ಗೋಂದು ಸಾಲದು. ಮಿರಮಿರ ಹೊಳೆದು ಬಿರುಕು ಬಿಟ್ಟರೆ ಜಾಸ್ತಿಯಾಗಿದೆ. ಈ ಬಣ್ಣಕ್ಕೆ ನೀರು ತಾಗಿದರೆ ಮತ್ತೆ ಕರಗುತ್ತದೆ, ಹಾಗಾಗಿ ಚಿತ್ರವನ್ನು ಮನೆಯೊಳಗೇ ಇಡಬೇಕು.

ನನಗೆ ತುಂಬಾ ಇಷ್ಟವಾದ ಕೆಲಸ ಮಣ್ಣು ತೊಳೆಯುವುದು. ಬೇರು, ಕಲ್ಲು ಆರಿಸಿ, ಕುಟ್ಟಿ, ಬಕೆಟ್ ನೀರಿನಲ್ಲಿ ಜೋರಾಗಿ ಕದಡುತ್ತೇನೆ. ಒಂದು ನಿಮಿಷ ಸುಮ್ನೆ ಬಿಟ್ಟರೆ ಮರಳು ತಳಕ್ಕೆ ಇಳಿಯುತ್ತದೆ. ಮೇಲಿನ ಬಣ್ಣದ ನೀರನ್ನು ತಕ್ಷಣ ಇನ್ನೊಂದು ಪಾತ್ರೆಗೆ ಬಗ್ಗಿಸಬೇಕು. ಮರುದಿನ ನೋಡಿದರೆ ಮೇಲೆ ತಿಳಿನೀರು, ಕೆಳಗೆ ಬೆಣ್ಣೆಯಂಥ ಗಸಿ. ಅದನ್ನು ಒಣಗಿಸಿ, ಅರೆದು ಇಟ್ಟುಕೊಂಡರೆ ವರ್ಷಗಟ್ಟಲೆ ಬರುತ್ತದೆ. ಅವಸರ ಮಾಡಿ ಮರಳನ್ನೂ ಬಗ್ಗಿಸಿಕೊಂಡರೆ, ಎಷ್ಟು ಅರೆದರೂ ಗೆರೆ ನಯವಾಗುವುದಿಲ್ಲ.

ಹಳದಿ ಮಣ್ಣಿನ ಗುಟ್ಟು ತಿಳಿದ ದಿನ ನಾನು ಕುಣಿದಾಡಿದ್ದೆ. ಅದನ್ನು ಹಳೆಯ ಬಾಣಲೆಯಲ್ಲಿ ಚೆನ್ನಾಗಿ ಹುರಿದರೆ ಕೆಂಪಾಗುತ್ತದೆ! ಮಣ್ಣಿನಲ್ಲಿರುವ ಕಬ್ಬಿಣದ ಅಂಶ ನೀರಿನೊಂದಿಗೆ ಸೇರಿಕೊಂಡಿರುವಾಗ ಹಳದಿ. ಕಾಯಿಸಿ ಆ ನೀರು ಹೋದರೆ ಕೆಂಪು. ನಡುನಡುವೆ ಸ್ವಲ್ಪ ಸ್ವಲ್ಪ ತೆಗೆದಿಟ್ಟರೆ ಒಂದೇ ಮಣ್ಣಿನಿಂದ ನಾಲ್ಕೈದು ಛಾಯೆ ಸಿಗುತ್ತವೆ. ಕಪ್ಪಿಗೆ ಇದ್ದಿಲು, ಬಿಳಿಗೆ ಸೀಮೆಸುಣ್ಣ. ಅವುಗಳಲ್ಲಿ ಕಷ್ಟವೇನಿಲ್ಲ.

ಹೂವು, ಹಣ್ಣಿನ ಬಣ್ಣ ನಂಬಿ ನಾನು ಒಂದು ವರ್ಷ ಕಳೆದುಕೊಂಡೆ. ಅರಿಶಿನ ಬಳಿದ ಸೂರ್ಯ ಕಿಟಕಿಯ ಬೆಳಕಿಗೆ ಕೆಲವೇ ವಾರಗಳಲ್ಲಿ ಮಂಕಾದ. ಬೀಟ್ರೂಟಿನ ಕೆಂಪು ಕಂದಾಯಿತು. ಎಲೆ ಉಜ್ಜಿದ ಹಸಿರೂ ಉಳಿಯಲಿಲ್ಲ. ಮಣ್ಣು ಹಾಗಲ್ಲ. ಫ್ರಾನ್ಸಿನ ಲಾಸ್ಕೋ ಗುಹೆಯಲ್ಲಿ ಸುಮಾರು 17,000 ವರ್ಷಗಳ ಹಿಂದೆ ಬರೆದ ಪ್ರಾಣಿಗಳ ಕೆಂಪು, ಹಳದಿ ಇಂದಿಗೂ ಕಾಣುತ್ತವೆ. ಹಾಗಾಗಿ ಉಳಿಯಬೇಕಾದ ಚಿತ್ರಕ್ಕೆ ನಾನು ಈಗ ಮಣ್ಣು, ಇದ್ದಿಲು, ಸೀಮೆಸುಣ್ಣ ಬಿಟ್ಟು ಬೇರೆ ಮುಟ್ಟುವುದಿಲ್ಲ.

ಬರೆಯಲು ಹೊಸ ಹಲಗೆಯೇ ಬೇಕು ಅಂತಿಲ್ಲ. ಅಮೆರಿಕದಲ್ಲಿ ಗುಲಾಮಗಿರಿಯಲ್ಲಿ ಹುಟ್ಟಿದ ಬಿಲ್ ಟ್ರೇಲರ್ ಎಂಬತ್ತು ದಾಟಿದ ಮೇಲೆ, ಎಸೆದ ರಟ್ಟಿನ ತುಂಡುಗಳ ಮೇಲೆ ಚಿತ್ರ ಬರೆದರು. ರಟ್ಟಿನ ಕಲೆಯನ್ನೂ ಹರಿದ ಅಂಚನ್ನೂ ಚಿತ್ರದೊಳಗೇ ಸೇರಿಸಿಕೊಂಡರು. ಅವರ ಚಿತ್ರ ನೋಡಿದ ಮೇಲೆ ನಾನೂ ಹಲಗೆಯ ಗಂಟುಗಳನ್ನು ಮುಚ್ಚುವುದು ಬಿಟ್ಟೆ. ಈಗ ಅವು ನನ್ನ ಹಸುಗಳ ಕಣ್ಣು.

ನೀಲಿ ಮಣ್ಣು ಮಾತ್ರ ನನಗೆ ಇನ್ನೂ ಸಿಕ್ಕಿಲ್ಲ. ಅದಕ್ಕೆ ಸೀಮೆಸುಣ್ಣದ ಪುಡಿಗೆ ಚಿಟಿಕೆ ಇದ್ದಿಲು ಬೆರೆಸುತ್ತೇನೆ. ಬರೀ ಬೂದಿ ಬಣ್ಣ ಅದು. ಪಕ್ಕದಲ್ಲಿ ಕೆಮ್ಮಣ್ಣಿನ ಗುಡ್ಡ ಬರೆದರೆ ಸಾಕು, ಆಕಾಶ ನೀಲಿಯಾಗಿಯೇ ಕಾಣುತ್ತದೆ.