ಸಿಮೆಂಟ್ ಧೂಳು, ಬೋರಿನ ನೀರು: ಎಂಜಿನ್ ಬಳಿಯ ಅಲ್ಯೂಮಿನಿಯಂ ಕಲೆ ನಾನು ತೆಗೆಯುವ ಬಗೆ

ಕಲಬುರಗಿಯಿಂದ ಸಿಮೆಂಟ್ ಕಾರ್ಖಾನೆಗಳಿರುವ ಸೇಡಂ, ಮಳಖೇಡ, ವಾಡಿ ಕಡೆ ದಿನಾ ಓಡುವ ಗಾಡಿಯ ಬಾನೆಟ್ ಎತ್ತಿದರೆ ಅಲ್ಯೂಮಿನಿಯಂ ಭಾಗಗಳ ಮೇಲೆ ನಾಲ್ಕೈದು ಥರದ ಕಲೆ ಒಟ್ಟಿಗೇ ಕಾಣುತ್ತವೆ. ಟ್ಯಾಪೆಟ್ ಕವರಿನ (ಎಂಜಿನ್ ತಲೆಯ ಮುಚ್ಚಳ) ಮೇಲೆ ಎಣ್ಣೆ, ಧೂಳು ಕೂಡಿ ಕಾದು ಕಂದಾದ ಪದರ. ಕೂಲಂಟ್ ಹೋಸ್ ಕೂಡುವ ಥರ್ಮೋಸ್ಟಾಟ್ ಹೌಸಿಂಗ್ ಸುತ್ತ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಸೋರಿ ಒಣಗಿದ ಹಕ್ಕಳೆ. ಗೇರ್‌ಬಾಕ್ಸ್ ಕವಚದ ಮೇಲೆ ಬೂದಿ ಬಣ್ಣದ ಮಚ್ಚೆ. ಬ್ಯಾಟರಿ ಕೆಳಗಿನ ಬ್ರಾಕೆಟ್ ಮೇಲೆ ಬಿಳಿ ಪುಡಿ. ಎಲ್ಲಕ್ಕೂ ಒಂದೇ ಬಾಟಲಿಯ ಕ್ಲೀನರ್ ಹೊಡೆದು ಉಜ್ಜಿದರೆ ಒಂದು ಕಲೆ ಹೋಗುತ್ತದೆ, ಇನ್ನೊಂದು ಹೊಸದಾಗಿ ಹುಟ್ಟುತ್ತದೆ. ನಾನು ಮೊದಲು ಕಲೆ ಯಾವುದರಿಂದ ಬಂತು ಎಂದು ನೋಡುತ್ತೇನೆ, ಆಮೇಲೆ ಬ್ರಷ್ ಹಿಡಿಯುತ್ತೇನೆ.

ಕಾರಣ ಲೋಹದ ಗುಣದಲ್ಲೇ ಇದೆ. ಅಲ್ಯೂಮಿನಿಯಂ ಮೇಲೆ ತಾನಾಗಿ ಕೂಡುವ ತೆಳು ಆಕ್ಸೈಡ್ ಪೊರೆಯೇ ಅದನ್ನು ಕಾಯುವುದು. ಆ ಪೊರೆ ಪಿಎಚ್ (ಹುಳಿ, ಕ್ಷಾರದ ಅಳತೆ, 7 ಎಂದರೆ ಎರಡೂ ಅಲ್ಲ) ಸುಮಾರು 4ರಿಂದ 9ರ ಒಳಗೆ ಗಟ್ಟಿಯಾಗಿ ನಿಲ್ಲುತ್ತದೆ. ಅದಕ್ಕಿಂತ ಹುಳಿಯಾದರೂ ಕರಗುತ್ತದೆ, ಕ್ಷಾರವಾದರೂ ಕರಗುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ 7ರ ಆಸುಪಾಸು, ಅಡುಗೆ ಸೋಡಾ 8ರ ಹತ್ತಿರ, ಎರಡೂ ಸುರಕ್ಷಿತ. ವಾಷಿಂಗ್ ಸೋಡಾ 11, ಕಾಸ್ಟಿಕ್ ಸೋಡಾ 13ರ ಮೇಲೆ. ಕಾಸ್ಟಿಕ್ ತಾಗಿದ ಎಂಜಿನ್ ಭಾಗ ಕಣ್ಣೆದುರೇ ಕಪ್ಪಾಗುತ್ತದೆ. ಎಂಜಿನ್ನಿನ ಎರಕದಲ್ಲಿ ಬರೀ ಅಲ್ಯೂಮಿನಿಯಂ ಇರುವುದಿಲ್ಲ. ಹೆಚ್ಚಾಗಿ ಬಳಕೆಯಲ್ಲಿರುವ ಎಡಿಸಿ12 ಮಿಶ್ರಲೋಹದಲ್ಲಿ ಸಿಲಿಕಾನ್ 9.6ರಿಂದ 12 ಶೇಕಡ, ತಾಮ್ರ 1.5ರಿಂದ 3.5 ಶೇಕಡ ಇರುತ್ತದೆ. ಕಾಸ್ಟಿಕ್ ಅಲ್ಯೂಮಿನಿಯಂ ಅನ್ನು ಕರಗಿಸಿ ಒಯ್ಯುತ್ತದೆ, ಸಿಲಿಕಾನ್ ಮತ್ತು ತಾಮ್ರ ಮಸಿಯಂತೆ ಮೇಲೆ ಉಳಿಯುತ್ತವೆ. ಬೀದರಿನ ಬಿದರಿ ಕುಶಲಕರ್ಮಿಗಳು ಕೋಟೆಯ ಮಣ್ಣು, ನವಸಾಗರ ಹಚ್ಚಿ ಸತುವಿನ ಮಿಶ್ರಲೋಹವನ್ನು ಬೇಕೆಂದೇ ಕಪ್ಪು ಮಾಡುತ್ತಾರೆ, ಅದರಲ್ಲಿ ಕೂಡಿಸಿದ ಬೆಳ್ಳಿ ಮಾತ್ರ ಹೊಳೆಯುತ್ತಲೇ ಇರುತ್ತದೆ. ಒಂದೇ ಲೇಪ ಬೇರೆ ಬೇರೆ ಲೋಹದ ಮೇಲೆ ಬೇರೆ ಬೇರೆಯಾಗಿ ಕೆಲಸ ಮಾಡುತ್ತದೆ ಎಂಬುದಕ್ಕೆ ಅದಕ್ಕಿಂತ ಚಂದದ ಉದಾಹರಣೆ ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ.

ಈಗ ಸಿಮೆಂಟ್ ಧೂಳಿನ ವಿಷಯ. ಒಣಗಿರುವ ತನಕ ಅದು ಏನೂ ಮಾಡುವುದಿಲ್ಲ. ನೀರು ಬಿದ್ದೊಡನೆ ಸುಣ್ಣದ ತಿಳಿಯಂತಾಗಿ ಅದರ ಪಿಎಚ್ 12 ದಾಟುತ್ತದೆ. ವಾಷಿಂಗ್ ಸೆಂಟರಿನಲ್ಲಿ ಬಾನೆಟ್ ಎತ್ತಿದ ತಕ್ಷಣ ಪೈಪಿನಿಂದ ನೀರು ಬಿಡುವುದರಿಂದಲೇ ಎಷ್ಟೋ ಗಾಡಿಗಳಲ್ಲಿ ಬೂದಿ ಮಚ್ಚೆ ಬಂದಿರುತ್ತದೆ. ಹಾಗಾಗಿ ನನ್ನ ಮೊದಲ ಹೆಜ್ಜೆ ಒಣ ಕೆಲಸ. ಎರಡು ಇಂಚಿನ ಮೆತ್ತನೆಯ ಪೇಂಟ್ ಬ್ರಷ್, ಅದರ ಪಕ್ಕದಲ್ಲೇ ವ್ಯಾಕ್ಯೂಮ್ ಪೈಪು. ಸಂದಿಗೊಂದಿಯ ಧೂಳೆಲ್ಲ ತೆಗೆಯಲು 20 ನಿಮಿಷ ಹಿಡಿಯುತ್ತದೆ. ಕಂಪ್ರೆಸರ್ ಗಾಳಿ ಹೊಡೆದರೆ ಧೂಳು ಕನೆಕ್ಟರುಗಳ ಒಳಗೆ ಹೋಗಿ ಕೂಡುತ್ತದೆ. ಅದು ಬೇಡ.

ಕೆಲಸ ಬೆಳಿಗ್ಗೆ ಆರಕ್ಕೆ, ನೆರಳಿನಲ್ಲಿ, ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್ ಮೇಲೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲಿಗೆ ಒಂಬತ್ತು ಗಂಟೆಯ ಹೊತ್ತಿಗೇ ಬಾನೆಟ್ ಮುಟ್ಟಲಾಗುವುದಿಲ್ಲ. ಹಚ್ಚಿದ ದ್ರಾವಣ ಲೋಹದ ಮೇಲೆ ಒಣಗಿತೆಂದರೆ ಅದರ ಅಂಚು ಗೆರೆಯಾಗಿ ಅಚ್ಚು ಒತ್ತುತ್ತದೆ, ಆ ಗೆರೆ ಉಜ್ಜಿದರೆ ಮಾತ್ರ ಹೋಗುವಂಥದ್ದು. ಹತ್ತು ನಂಬರ್ ಪಾನಾ ಹಿಡಿದು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ ಬದಿಗಿಡಿ. ಆಲ್ಟರ್ನೇಟರ್, ಫ್ಯೂಸ್ ಪೆಟ್ಟಿಗೆ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕನೆಕ್ಟರ್, ಏರ್ ಫಿಲ್ಟರಿನ ಬಾಯಿ, ಇಗ್ನಿಷನ್ ಕಾಯಿಲ್‌ಗಳಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ.

ಎಣ್ಣೆ ಪದರಕ್ಕೆ ಒಂದು ಲೀಟರ್ ಬೆಚ್ಚನೆಯ ನೀರಿಗೆ 20 ಎಂಎಲ್ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ದಪ್ಪ ಜಿಡ್ಡಿದ್ದರೆ ನೀರಿನಲ್ಲಿ ಕರಗುವ ಡಿಗ್ರೀಸರ್, ಒಂದು ಪಾಲಿಗೆ ಹತ್ತು ಪಾಲು ನೀರು. ಕೊಳ್ಳುವಾಗ ಡಬ್ಬಿಯ ಮೇಲೆ ಅಲ್ಯೂಮಿನಿಯಂಗೆ ಸುರಕ್ಷಿತ ಎಂದು ಬರೆದಿದೆಯೇ ನೋಡಬೇಕು, ಕೆಲವು ಡಿಗ್ರೀಸರ್‌ಗಳಲ್ಲಿ ಕಾಸ್ಟಿಕ್ ಇರುತ್ತದೆ. ನೈಲಾನ್ ಬ್ರಷ್, ಮೂಲೆಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್. ಹಚ್ಚಿ ಐದು ನಿಮಿಷ ಬಿಟ್ಟು, ಉಜ್ಜಿ, ಒದ್ದೆ ಅರಿವೆಯಿಂದ ಒರೆಸಿ ತೆಗೆಯುತ್ತೇನೆ. ಡೀಸೆಲ್, ಸೀಮೆಎಣ್ಣೆ ಸಿಂಪಡಿಸುವ ರೂಢಿ ಗ್ಯಾರೇಜುಗಳಲ್ಲಿ ಇನ್ನೂ ಇದೆ. ಅವು ಜಿಡ್ಡು ತೆಗೆಯುವುದು ನಿಜ, ಆದರೆ ಕೂಲಂಟ್ ಹೋಸ್‌ಗಳು ಇಪಿಡಿಎಂ ಎಂಬ ಕೃತಕ ರಬ್ಬರಿನವು, ಪೆಟ್ರೋಲಿಯಂ ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತವೆ. ಬೆಲ್ಟಿಗೆ ತಾಗಿದರೆ ಜಾರುತ್ತದೆ. ಬೆಂಕಿಯ ಅಪಾಯವಂತೂ ಇದ್ದೇ ಇದೆ.

ಜಿಡ್ಡು ಹೋದ ಮೇಲೆ ಬಿಳಿ ಮತ್ತು ಬೂದಿ ಕಲೆಗಳ ನಿಜವಾದ ಆಕಾರ ಕಾಣುತ್ತದೆ. ಸುಣ್ಣ, ಸಿಮೆಂಟು, ಬೋರಿನ ಗಡಸು ನೀರಿನ ಚುಕ್ಕೆ, ಇವು ಮೂರೂ ಹುಳಿಗೆ ಬಿಡುತ್ತವೆ. ನಾನು ಬಳಸುವುದು ಸಿಟ್ರಿಕ್ ಆಸಿಡ್, ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವ ಹರಳು. ಒಂದು ಲೀಟರ್ ಬೆಚ್ಚನೆಯ ನೀರಿಗೆ 50 ಗ್ರಾಂ, ಪ್ಲಾಸ್ಟಿಕ್ ಬಕೆಟಿನಲ್ಲಿ. ಇದರ ಪಿಎಚ್ ಕೂಡ 4ಕ್ಕಿಂತ ಕೆಳಗೇ, ಹಾಗಾಗಿ ಹೊತ್ತು ಅಳೆದು ಹಚ್ಚಬೇಕು. ಅಂಗೈ ಅಗಲದ ಜಾಗಕ್ಕೆ ಬ್ರಷ್‌ನಿಂದ ಹಚ್ಚಿ, ಗಡಿಯಾರ ನೋಡಿ ಮೂರು ನಿಮಿಷ. ಗಟ್ಟಿ ಹಕ್ಕಳೆಗೆ ಐದು, ಅದಕ್ಕಿಂತ ಹೆಚ್ಚಿಲ್ಲ. ಹೋಗದಿದ್ದರೆ ತೊಳೆದು ಮತ್ತೊಮ್ಮೆ. ಒಂದು ಸಲ 15 ನಿಮಿಷ ಬಿಡುವುದಕ್ಕಿಂತ ಮೂರು ಸಲ ಐದೈದು ನಿಮಿಷ ಮಾಡುವುದು ಲೇಸು. ಆಮೇಲೆ ಲೀಟರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿದ ನೀರು, ಕೊನೆಗೆ ಆರ್‌ಒ ನೀರು ಅಥವಾ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಐದು ಲೀಟರ್ ಕ್ಯಾನ್ ಒಂದು ಎಂಜಿನ್ನಿಗೆ ಸಾಲುತ್ತದೆ. ಸುಣ್ಣಕಲ್ಲಿನ ನೆಲದಿಂದ ಬಂದ ಬೋರಿನ ನೀರಲ್ಲೇ ಕೊನೆಯ ತೊಳೆತವೂ ಮಾಡಿದರೆ ಅದೇ ಚುಕ್ಕೆಗಳು ಮರುದಿನವೇ ಹಾಜರು.

ಇಲ್ಲಿ ಎರಡು ಕಡೆ ತಪ್ಪಾಗುತ್ತದೆ. ಹಳದಿ ಅಥವಾ ಬಿಳಿ ಸತುವಿನ ಲೇಪ ಇರುವ ಬೋಲ್ಟು, ಹೋಸ್ ಕ್ಲಿಪ್ಪುಗಳಿಗೆ ಹುಳಿ ನೀರು ಹರಿದರೆ ಲೇಪ ಕರಗಿ ಕೆಲವೇ ದಿನಗಳಲ್ಲಿ ತುಕ್ಕು ಹಿಡಿಯುತ್ತದೆ. ಮೊದಲೇ ಅವಕ್ಕೆ ಗ್ರೀಸ್ ಸವರಿ ಮುಚ್ಚುತ್ತೇನೆ. ಇನ್ನೊಂದು, ಕೆಲವು ಗಾಡಿಗಳ ಕವರುಗಳು ಮೆಗ್ನೀಸಿಯಂನವು, ನೋಟಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಭಾಗದ ಮೇಲೆ ಎರಕದಲ್ಲೇ ಮೂಡಿಸಿದ ಗುರುತು ಹುಡುಕಬೇಕು. ಸಿಗದಿದ್ದರೆ ಕಾಣದ ಮೂಲೆಯಲ್ಲಿ ಬಣ್ಣ ಕೆರೆದು ಒಂದು ಹನಿ ವಿನೆಗರ್ ಹಾಕಿ ನೋಡುತ್ತೇನೆ. ತಕ್ಷಣ ನೊರೆ ಗುಳ್ಳೆ ಎದ್ದರೆ ಅದು ಮೆಗ್ನೀಸಿಯಂ, ಹುಳಿ ಅದರ ಹತ್ತಿರವೂ ಸುಳಿಯಬಾರದು. ಅಲ್ಯೂಮಿನಿಯಂ ಸುಮ್ಮನಿರುತ್ತದೆ.

ಟಾಯ್ಲೆಟ್ ತೊಳೆಯುವ ಆಸಿಡ್ ಬಗ್ಗೆ ಕಡ್ಡಾಯವಾಗಿ ಹೇಳಲೇಬೇಕು, ಏಕೆಂದರೆ ಅದು ಬೇಗ ಬೆಳ್ಳಗೆ ಮಾಡುತ್ತದೆಂದು ಬಹಳ ಮಂದಿ ಹಚ್ಚುತ್ತಾರೆ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಸಿಡ್‌ನ ಕ್ಲೋರೈಡ್ ಎರಕದ ಸಣ್ಣ ರಂಧ್ರಗಳಲ್ಲಿ ಉಳಿದು, ತೊಳೆದ ಮೇಲೂ ಒಳಗೊಳಗೇ ಗುಳಿ ಕೊರೆಯುತ್ತದೆ. ಲಾರಿಗಳ ಟ್ಯಾಂಕ್ ಬೆಳಗಲು ಬಳಸುವ ಕೆಲವು ಅಲ್ಯೂಮಿನಿಯಂ ಬ್ರೈಟ್ನರ್‌ಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ. ಅದು ಚರ್ಮಕ್ಕೆ ತಾಗಿದಾಗ ಮೊದಲು ಉರಿಯದೆ, ತಾಸುಗಳ ಮೇಲೆ ಒಳಗಿನ ಮೂಳೆವರೆಗೆ ಸುಡಬಲ್ಲದು. ಅದನ್ನು ಮನೆಯಲ್ಲಿ ಮುಟ್ಟಲೇ ಬೇಡಿ.

ಬ್ಯಾಟರಿ ಪುಡಿಗೆ ಹುಳಿ ಬೇಡ, ಆ ಪುಡಿ ಬ್ಯಾಟರಿಯ ಆಸಿಡ್ಡಿನಿಂದಲೇ ಬಂದದ್ದು. ಅಡುಗೆ ಸೋಡಾ ನೀರನ್ನು ನೊರೆ ನಿಲ್ಲುವವರೆಗೆ ಹಾಕಿ ತೊಳೆದರೆ ಆಯಿತು. ಕೂಲಂಟ್ ಹಕ್ಕಳೆಗೆ ಮೊದಲು ಬರೀ ಬಿಸಿನೀರು, ಕೂಲಂಟಿನಲ್ಲಿರುವ ಗ್ಲೈಕಾಲ್ ಅದರಲ್ಲೇ ಕರಗುತ್ತದೆ. ಉಳಿದದ್ದಕ್ಕೆ ಸಿಟ್ರಿಕ್.

ಇಷ್ಟಾದ ಮೇಲೂ ಉಳಿಯುವ ಮಂಕು ಬಣ್ಣ, ಕಾಸ್ಟಿಕ್‌ನಿಂದಾದ ಕಪ್ಪು, ಇವಕ್ಕೆ ಉಜ್ಜುವುದೊಂದೇ ದಾರಿ. ನಯವಾದ ಮೇಲ್ಮೈಗೆ 600 ನಂಬರ್ ವಾಟರ್ ಪೇಪರ್, ಆಮೇಲೆ 1000, ಸೋಪಿನ ನೀರಿನಲ್ಲಿ ಅದ್ದಿ ಒಂದೇ ದಿಕ್ಕಿಗೆ. ಉಸುಕಿನ ಅಚ್ಚಿನ ಒರಟು ಮೇಲ್ಮೈಗೆ ಪೇಪರ್ ಬೇಡ, ಉಬ್ಬು ಮಾತ್ರ ಸವೆದು ತೇಪೆ ಹಾಕಿದಂತೆ ಕಾಣುತ್ತದೆ. ಅಲ್ಲಿಗೆ ನೈಲಾನ್ ಬ್ರಷ್ ಮತ್ತು ಮೆಟಲ್ ಪಾಲಿಶ್ ಪೇಸ್ಟ್. ಕಬ್ಬಿಣದ ತಂತಿ ಬ್ರಷ್ ತನ್ನ ಚೂರುಗಳನ್ನು ಅಲ್ಯೂಮಿನಿಯಂನಲ್ಲಿ ಚುಚ್ಚಿಬಿಡುತ್ತದೆ, ಮಳೆಗಾಲಕ್ಕೆ ಅಲ್ಲೆಲ್ಲ ಕೆಂಪು ಚುಕ್ಕೆ. ಪಾತ್ರೆ ಉಜ್ಜುವ ಹಸಿರು ಪ್ಯಾಡನ್ನು ಹೊರಮೈಗಷ್ಟೇ ಬಳಸುತ್ತೇನೆ, ಗ್ಯಾಸ್ಕೆಟ್ ಕೂಡುವ ಅಂಚಿಗೆ ಎಂದೂ ಇಲ್ಲ. ಅದರಿಂದ ಉದುರುವ ಅಲ್ಯೂಮಿನಿಯಂ ಆಕ್ಸೈಡ್ ಪುಡಿ ಎಣ್ಣೆಗೆ ಸೇರಿದರೆ ಕ್ರ್ಯಾಂಕ್ ಬೇರಿಂಗ್ ಸವೆಯುತ್ತದೆ. ಅಂಚಿಗೆ ಪ್ಲಾಸ್ಟಿಕ್ ಕೆರೆಯುವ ಪಟ್ಟಿ ಸಾಕು.

ಕಂಪನಿಯ ಪಾರದರ್ಶಕ ಲೇಪದ ಕೆಳಗೆ ಹುಳು ಹರಿದಂಥ ಬಿಳಿ ಗೆರೆ ಕಂಡರೆ ಮೇಲಿನಿಂದ ಎಷ್ಟು ತೊಳೆದರೂ ಉಪಯೋಗವಿಲ್ಲ. ಲೇಪ ಪೂರ್ತಿ ತೆಗೆದು, ಉಜ್ಜಿ, ಮತ್ತೆ ಹೊಡೆಯಬೇಕು. ಆ ಕೆಲಸ ಭಾಗವನ್ನು ಬಿಚ್ಚಿ ಹೊರಗಿಟ್ಟೇ ಮಾಡುವಂಥದ್ದು. ಟ್ಯಾಪೆಟ್ ಕವರಿಗೆ ಎಂಜಿನ್ ಶಾಖ ತಡೆಯುವ ಕ್ಲಿಯರ್ ಲ್ಯಾಕರ್ ಮೂರು ತೆಳು ಪದರ, ನಡುನಡುವೆ ಹತ್ತು ನಿಮಿಷ. ಸಾಮಾನ್ಯ ಕ್ಲಿಯರ್ ಸ್ಪ್ರೇ ಶಾಖಕ್ಕೆ ಹಳದಿಯಾಗುತ್ತದೆ. ಕವರ್ ಕೂಡಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ, ಎಂ6 ಬೋಲ್ಟುಗಳನ್ನು ನಡುವಿನಿಂದ ಹೊರಗೆ ಸುಮಾರು 10 ನ್ಯೂಟನ್ ಮೀಟರ್‌ಗೆ ಬಿಗಿಯುತ್ತೇನೆ. ಗಾಡಿಯ ಮ್ಯಾನುಯಲ್ ಬೇರೆ ಹೇಳಿದರೆ ಅದೇ ಸರಿ. ಆಲ್ಟರ್ನೇಟರ್ ಬ್ರಾಕೆಟ್‌ನಂಥ ತಣ್ಣನೆಯ ಭಾಗಗಳಿಗೆ ಕಾರ್ ವ್ಯಾಕ್ಸ್ ಸಾಕು. ಎಣ್ಣೆ ಸವರಿ ಹೊಳೆಯಿಸಿದರೆ ಆ ದಿನ ಚೆಂದ, ವಾರದಲ್ಲಿ ಊರ ಧೂಳೆಲ್ಲ ಅಲ್ಲೇ.

ಚೀಲ ಬಿಚ್ಚುವ ಮೊದಲು ಸ್ಪಾರ್ಕ್ ಪ್ಲಗ್ ಬಾವಿಗಳಲ್ಲಿ ನೀರು ನಿಂತಿದೆಯೇ ನೋಡಿ. ನಿಂತಿದ್ದರೆ ಅರಿವೆ ಸುತ್ತಿದ ಕಡ್ಡಿಯಿಂದ ಹೀರಿ ತೆಗೆಯಿರಿ, ಇಲ್ಲವಾದರೆ ಎಂಜಿನ್ ಮಿಸ್ ಹೊಡೆಯುತ್ತದೆ. ಬಾನೆಟ್ ತೆರೆದು ಒಂದು ತಾಸು ಒಣಗಿಸಿ, ಬ್ಯಾಟರಿ ಕೂಡಿಸಿ, ಹತ್ತು ನಿಮಿಷ ಐಡಲ್‌ನಲ್ಲಿ ಓಡಿಸಿ. ಎರಡು ವಾರದ ಮೇಲೆ ಮತ್ತೊಮ್ಮೆ ಬಾನೆಟ್ ಎತ್ತಿ ಥರ್ಮೋಸ್ಟಾಟ್ ಹೌಸಿಂಗ್ ನೋಡಿ. ಹಕ್ಕಳೆ ಅದೇ ಜಾಗದಲ್ಲಿ ಮರಳಿದ್ದರೆ ಹೋಸ್ ಕೂಡುವ ತುದಿಯಲ್ಲಿ ಗುಳಿ ಬಿದ್ದಿದೆ, ಇಲ್ಲವೇ ಸೋರದಂತೆ ತಡೆಯುವ ಓ ರಿಂಗ್ ಎಂಬ ರಬ್ಬರ್ ಬಳೆ ಹೋಗಿದೆ. ಹೋಸ್ ಕಿತ್ತು ತುದಿಗೆ ಉಗುರು ಆಡಿಸಿ, ಉಗುರು ಸಿಕ್ಕಿಕೊಳ್ಳುವಷ್ಟು ಗುಳಿಯಿದ್ದರೆ ಹೌಸಿಂಗ್ ಬದಲಿಸಿ.